ಹಳೆ ಗಿಟಾರ್ ಬೇರೆ, ಹಳೆಯದರಂತೆ ಮಾಡಿದ ಗಿಟಾರ್ ಬೇರೆ

ಮಾನ್ಯ ಸಂಪಾದಕರೇ,

ನಿಮ್ಮ ಹಣಕಾಸು ಪುಟದಲ್ಲಿ ಮೊನ್ನೆ ಹವ್ಯಾಸದ ವಸ್ತುಗಳಲ್ಲಿ ಹೂಡಿಕೆ ಮಾಡುವ ಬಗ್ಗೆ ಲೇಖನವೊಂದು ಬಂದಿತ್ತು. ಕೈಗಡಿಯಾರ, ನಾಣ್ಯ, ಪೇಂಟಿಂಗ್‌ಗಳ ಸಾಲಿಗೆ ಎಲೆಕ್ಟ್ರಿಕ್ ಗಿಟಾರನ್ನೂ ಸೇರಿಸಿದ್ದೀರಿ. ಅದು ಸರಿಯೇ. ಆದರೆ 1950ರ ದಶಕದ ಗಿಟಾರ್‌ಗಳು ಲಕ್ಷಗಟ್ಟಲೆ ಡಾಲರಿಗೆ ಮಾರಾಟವಾಗುತ್ತಿವೆ ಎಂದು ಹೇಳಿದ ಬೆನ್ನಿಗೇ ಇನ್ನೊಂದು ಸಲಹೆ ಕೊಟ್ಟಿದ್ದೀರಿ. ಅಷ್ಟು ದುಡ್ಡಿಲ್ಲದವರು ಅದೇ ಮಾದರಿಯ ದುಬಾರಿ ರೀಇಶ್ಯೂ ಕೊಂಡು ಪೆಟ್ಟಿಗೆಯಲ್ಲಿಟ್ಟರೂ ಸಾಕು, ಮುಂದೆ ಒಳ್ಳೆ ಬೆಲೆ ಬರುತ್ತದೆ ಎಂಬುದು ಅದರ ಸಾರ. ಇದನ್ನು ಓದಿ ನನಗೆ ಸುಮ್ನೆ ಕೂರಲು ಆಗಲಿಲ್ಲ. ರೀಇಶ್ಯೂ ಅಂದರೆ ಕಂಪನಿ ತನ್ನದೇ ಹಳೆ ಮಾದರಿಯನ್ನು ಅಳತೆಗೆ ಅಳತೆ ನೋಡಿ ಈಗ ಹೊಸದಾಗಿ ಮಾಡಿ ಮಾರುವ ಗಿಟಾರ್. ನುಡಿಸಲು ಅದು ಬಹಳ ಒಳ್ಳೆಯ ವಸ್ತು. ಹೂಡಿಕೆ ಅಂತ ನೋಡಿದರೆ ಅದನ್ನು ಹಳೆಯದರ ಪಕ್ಕ ನಿಲ್ಲಿಸಲೇಬಾರದು.

ನಾನು ಗಿಟಾರ್ ರಿಪೇರಿ ಮಾಡುವವಳು. ಫ್ರೆಟ್ (ತಂತಿಗಳಡಿಯ ಲೋಹದ ಅಡ್ಡಪಟ್ಟಿ) ಬದಲಿಸುವುದು, ಮುರಿದ ಹೆಡ್‌ಸ್ಟಾಕ್ (ತಂತಿ ಬಿಗಿಯುವ ತುದಿ) ಅಂಟಿಸುವುದು, ಒಳಗಿನ ವೈರಿಂಗ್ ಸರಿಮಾಡುವುದು ನನ್ನ ಕೆಲಸ. ಕೊಳ್ಳುವ ಮಾರುವ ವ್ಯವಹಾರ ನನ್ನದಲ್ಲ. ಬೆಲೆ ಏರಿದರೆ ನನಗೆ ಲಾಭವಿಲ್ಲ, ಇಳಿದರೆ ನಷ್ಟವೂ ಇಲ್ಲ. ಹಳೇವು, ಹೊಸವು ಎರಡನ್ನೂ ಬಿಚ್ಚಿ ನೋಡುವ ಅವಕಾಶ ಮಾತ್ರ ಸಿಕ್ಕಿದೆ. ಆ ಕಾರಣಕ್ಕೇ ಈ ಪತ್ರ.

ಹಳೆಯದಕ್ಕೆ ಅಷ್ಟು ಬೆಲೆ ಯಾಕೆ ಬಂತು ಅನ್ನುವುದು ಮೊದಲು ಗೊತ್ತಾಗಬೇಕು. ಈ ವಿಷಯ ಬಂದಾಗೆಲ್ಲ ಜನ ಮೊದಲು ಹೇಳುವ ಹೆಸರು ಗಿಬ್ಸನ್ ಕಂಪನಿಯ 1959ರ ಲೆಸ್ ಪಾಲ್ ಸ್ಟ್ಯಾಂಡರ್ಡ್. ಅಂಚಿನಲ್ಲಿ ಕೆಂಪು, ನಡುವೆ ಹಳದಿ ಇರುವ ಗಿಟಾರ್. ಸಂಗ್ರಹಕಾರರು 'ಬರ್ಸ್ಟ್' ಅನ್ನುತ್ತಾರೆ. ಲೆಸ್ ಪಾಲ್ ಮಾದರಿ 1952ರಲ್ಲಿ ಬಂಗಾರದ ಬಣ್ಣದಲ್ಲಿ ಬಂತು. ನಾಲ್ಕೈದು ವರ್ಷಕ್ಕೆ ಮಾರಾಟ ಬಿದ್ದುಹೋಯಿತು. ಬಣ್ಣ ಬದಲಿಸಿದರೆ ಹೋದೀತೇನೋ ಅಂತ 1958ರಲ್ಲಿ ಬರ್ಸ್ಟ್ ಬಣ್ಣ ಕೊಟ್ಟರು. ಆಗಲೂ ಜನ ಮುಗಿಬೀಳಲಿಲ್ಲ. 1960 ಮುಗಿಯುವಷ್ಟರಲ್ಲಿ ಕಂಪನಿ ಕೈಚೆಲ್ಲಿತು. 1961ಕ್ಕೆ ತೆಳ್ಳಗಿನ, ಎರಡು ಕೊಂಬಿನ ಬೇರೆಯದೇ ಆಕಾರ ಬಂತು. ನಾವು ಈಗ ಎಸ್‌ಜಿ ಎನ್ನುವುದು ಅದನ್ನೇ. ಹೀಗೆ ಮೂರು ವರ್ಷದಲ್ಲಿ ಹೊರಬಂದ ಬರ್ಸ್ಟ್‌ಗಳು ಸುಮಾರು 1,500. ಹೊಸದರ ಬೆಲೆ ಆಗ 300 ಡಾಲರ್ ಕೂಡ ಇರಲಿಲ್ಲ. ಇವತ್ತು ಒಳ್ಳೆಯ ಸ್ಥಿತಿಯಲ್ಲಿರುವ ಒಂದು 1959ರ ಬರ್ಸ್ಟ್‌ಗೆ ಲಕ್ಷಾಂತರ ಡಾಲರ್ ಎಣಿಸಬೇಕು.

ನಡುವೆ ಆಗಿದ್ದು ಇಷ್ಟು. 1966ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಜಾನ್ ಮಾಯಲ್ ತಂಡದಲ್ಲಿದ್ದ ಎರಿಕ್ ಕ್ಲಾಪ್ಟನ್ ಒಂದು ಸೆಕೆಂಡ್ ಹ್ಯಾಂಡ್ ಲೆಸ್ ಪಾಲನ್ನು ಜೋರು ಆಂಪ್ಲಿಫೈಯರಿಗೆ ಸಿಕ್ಕಿಸಿ ನುಡಿಸಿದ. ಆ ನಾದ ಕೇಳಿದ ಹುಡುಗರೆಲ್ಲ ಅದೇ ಗಿಟಾರ್ ಬೇಕು ಅಂದರು. ಅಮೆರಿಕದಲ್ಲಿ ಮೈಕ್ ಬ್ಲೂಮ್‌ಫೀಲ್ಡ್, ಇಂಗ್ಲೆಂಡಿನಲ್ಲಿ ಪೀಟರ್ ಗ್ರೀನ್, ಆಮೇಲೆ ಜಿಮ್ಮಿ ಪೇಜ್ ಎಲ್ಲರ ಕೈಯಲ್ಲೂ ಅದೇ. ಆದರೆ ಅಂಗಡಿಯಲ್ಲಿ ಹೊಸದು ಇಲ್ಲ, ತಯಾರಿ ನಿಂತು ವರ್ಷಗಳೇ ಆಗಿವೆ. ಹಳೆಯದನ್ನೇ ಹುಡುಕಬೇಕು. ಗಿಬ್ಸನ್ 1968ರಲ್ಲಿ ಲೆಸ್ ಪಾಲನ್ನು ಮತ್ತೆ ಶುರು ಮಾಡಿದ್ದು ಈ ಹುಡುಕಾಟ ನೋಡಿಯೇ.

ಇನ್ನೊಂದು ಅಮೆರಿಕನ್ ಕಂಪನಿ ಫೆಂಡರ್‌ನ ಕಥೆ ಬೇರೆ ಥರ. 1954ರಲ್ಲಿ ಅದರ ಸ್ಟ್ರಾಟೋಕ್ಯಾಸ್ಟರ್ (ಚಿಕ್ಕದಾಗಿ ಸ್ಟ್ರಾಟ್) ಗಿಟಾರ್ ಬಂದಾಗ ಬೆಲೆ 249.50 ಡಾಲರ್. ಲಿಯೋ ಫೆಂಡರ್ 1965ರ ಜನವರಿಯಲ್ಲಿ ಕಂಪನಿಯನ್ನು ಅಮೆರಿಕದ ಪ್ರಸಾರ ಸಂಸ್ಥೆ ಸಿಬಿಎಸ್‌ಗೆ 130 ಲಕ್ಷ ಡಾಲರಿಗೆ ಮಾರಿದ. ಹೊಸ ಯಜಮಾನರು ತಯಾರಿ ಜಾಸ್ತಿ ಮಾಡಿದರು, ಖರ್ಚು ಕಡಿಮೆ ಮಾಡಿದರು. ಮೈಮೇಲಿನ ಮೆರುಗಿಗೆ ಹಚ್ಚುತ್ತಿದ್ದ ತೆಳು ನೈಟ್ರೋಸೆಲ್ಯುಲೋಸ್ ಲ್ಯಾಕರ್ ಹೋಗಿ ದಪ್ಪ ಪಾಲಿಯೆಸ್ಟರ್ ಬಂತು. 1970ರ ದಶಕದಲ್ಲಿ ನೆಕ್ (ಬೆರಳಾಡಿಸುವ ಉದ್ದ ಭಾಗ) ಹಿಡಿಯುವ ನಾಲ್ಕು ಸ್ಕ್ರೂ ಮೂರಾಯಿತು. ನುಡಿಸುವವರಿಗೆ ವ್ಯತ್ಯಾಸ ಕೈಗೇ ಗೊತ್ತಾಯಿತು. 'ಪ್ರೀ-ಸಿಬಿಎಸ್' (ಸಿಬಿಎಸ್‌ಗೆ ಮುಂಚಿನದು) ಅಂದರೆ ಒಳ್ಳೆಯದು ಅನ್ನುವ ಮಾತು ಹುಟ್ಟಿದ್ದು ಹಾಗೆ. ಕಡೆಗೆ 1985ರಲ್ಲಿ ಕಂಪನಿಯ ಒಳಗಿನವರೇ ಸೇರಿ 125 ಲಕ್ಷ ಡಾಲರಿಗೆ ಅದನ್ನು ಬಿಡಿಸಿಕೊಂಡರು. ಇಪ್ಪತ್ತು ವರ್ಷದ ಹಿಂದೆ ಸಿಬಿಎಸ್ ಕೊಟ್ಟಿದ್ದಕ್ಕಿಂತ ಕಡಿಮೆಗೆ!

ಈ ಎರಡೂ ಕಥೆಯಲ್ಲಿ ಒಂದು ವಿಷಯ ಗಮನಿಸಿ. ಈ ಗಿಟಾರ್‌ಗಳು ಅಪರೂಪವಾಗಲಿ ಅಂತ ಯಾರೂ ಯೋಜನೆ ಹಾಕಿರಲಿಲ್ಲ. ಮಾರಾಟವಾಗಲಿಲ್ಲ, ಹಾಗಾಗಿ ಕಡಿಮೆ ಮಾಡಿದರು. ಮಾಲೀಕ ಬದಲಾದ, ಹಾಗಾಗಿ ಹಳೆ ರೀತಿ ನಿಂತುಹೋಯಿತು. ಕೊಂಡವರೂ ಜೋಪಾನ ಮಾಡಲಿಲ್ಲ. ಬೀಳಿಸಿದರು, ಬಣ್ಣ ಕೆರೆದು ತಮಗಿಷ್ಟದ ಬಣ್ಣ ಬಳಿದರು, ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಭಾಗ) ಕಿತ್ತು ಬೇರೆ ಹಾಕಿದರು, ಮರ ಕೊರೆದು ಇನ್ನೊಂದು ಸ್ವಿಚ್ ಸೇರಿಸಿದರು. ಅವರಿಗೆ ಅದು ದುಡಿಮೆಯ ಸಾಮಾನು. ಇಷ್ಟೆಲ್ಲ ಆಗಿಯೂ ಮೂಲ ರೂಪದಲ್ಲೇ ಉಳಿದುಕೊಂಡವು ಸ್ವಲ್ಪವೇ. ಬೆಲೆ ಇರುವುದು ಆ ಉಳಿದುಕೊಂಡಿದ್ದಕ್ಕೆ.

ಈಗ ರೀಇಶ್ಯೂ ವಿಷಯಕ್ಕೆ ಬರೋಣ. ಫೆಂಡರ್ 1982ರಲ್ಲಿ 1957 ಮತ್ತು 1962ರ ಸ್ಟ್ರಾಟ್, 1952ರ ಟೆಲಿಕ್ಯಾಸ್ಟರ್ ಮಾದರಿಗಳನ್ನು ಮತ್ತೆ ಮಾಡಿತು. 1987ರಲ್ಲಿ ದುಬಾರಿ, ವಿಶೇಷ ಗಿಟಾರ್ ಮಾಡುವ ಅದರ ವಿಭಾಗ ಕಸ್ಟಮ್ ಶಾಪ್ ಶುರುವಾಯಿತು. ಗಿಬ್ಸನ್ ಕೂಡ ಅದೇ ದಾರಿ ಹಿಡಿಯಿತು. ಇವತ್ತು ಗಿಬ್ಸನ್ ಕಸ್ಟಮ್‌ನ 1959ರ ಮಾದರಿಯ ಹೊಸ ಲೆಸ್ ಪಾಲ್‌ಗೆ 7,000 ಡಾಲರ್ ಆಸುಪಾಸು. ಹಳೆಯದರಂತೆ ಸವೆಸಿ, ಬಿರುಕು ಬಿಡಿಸಿ ಕೊಟ್ಟಿದ್ದಾದರೆ 10,000ದ ಹತ್ತಿರ. ಪೆಟ್ಟಿಗೆ ಒಳಗೆ ಸರ್ಟಿಫಿಕೇಟ್ ಇರುತ್ತದೆ, ಅದರ ಮೇಲೆ ನಂಬರ್ ಇರುತ್ತದೆ. ಲಿಮಿಟೆಡ್ ಎಡಿಷನ್ ಅಂತ ಬರೆದಿರುತ್ತದೆ. ಮುಂದಿನ ವರ್ಷ ಬಣ್ಣ ಸ್ವಲ್ಪ ಬೇರೆ ಮಾಡಿ ಇನ್ನೊಂದು ಲಿಮಿಟೆಡ್ ಎಡಿಷನ್ ಬರುತ್ತದೆ. ಅದರ ಮುಂದಿನ ವರ್ಷ ಮತ್ತೊಂದು. 1959ರ ಮಾದರಿಯ ರೀಇಶ್ಯೂಗಳು ಇಷ್ಟರಲ್ಲಿ ಮೂಲ ಬರ್ಸ್ಟ್‌ಗಳಿಗಿಂತ ಎಷ್ಟೋ ಪಟ್ಟು ಜಾಸ್ತಿ ಆಗಿವೆ. ಕಾರ್ಖಾನೆ ನಡೆಯುತ್ತಲೇ ಇದೆ. ಎಷ್ಟು ಬೇಕಾದರೂ ಮಾಡಬಲ್ಲ ವಸ್ತುವನ್ನು ಇಷ್ಟೇ ಮಾಡುತ್ತೇವೆ ಅನ್ನುವುದು ಕಂಪನಿಯ ಮಾತಷ್ಟೇ. ಆ ಮಾತು ಬದಲಾದರೆ ನಿಮ್ಮ ಹೂಡಿಕೆಯ ಗತಿ ಏನು?

ಇದಕ್ಕಿಂತ ದೊಡ್ಡ ತೊಂದರೆ ಇನ್ನೊಂದಿದೆ. ಅದನ್ನು ನಿಮ್ಮ ಲೇಖನವಿರಲಿ, ಮಾರುವವರು ಯಾರೂ ಹೇಳುವುದಿಲ್ಲ. ರೀಇಶ್ಯೂವನ್ನು ಮಾರುವುದೇ "ಮೂಲಕ್ಕೆ ಇಷ್ಟು ಹತ್ತಿರ ಹಿಂದೆ ಯಾವತ್ತೂ ಬಂದಿರಲಿಲ್ಲ" ಅನ್ನುವ ಮಾತಿನ ಮೇಲೆ. ಗಿಬ್ಸನ್ 2015ರಲ್ಲಿ ಟ್ರೂ ಹಿಸ್ಟಾರಿಕ್ ಅಂತ ತಂದಿತು. ಹಳೆ ಕಾಲದ ಪ್ರಾಣಿಜನ್ಯ ಅಂಟು, ಹಳೆಯ ಅಳತೆಯ ಪ್ಲಾಸ್ಟಿಕ್ ಭಾಗ ಎಲ್ಲವೂ ಇತ್ತು. ಆಮೇಲೆ 1959ರ ಮಾದರಿಗೆ 60 ವರ್ಷ ತುಂಬಿದ ನೆಪದಲ್ಲಿ ಇನ್ನಷ್ಟು ಸರಿಪಡಿಸಿದ್ದು ಬಂತು. ಅದಾದ ಮೇಲೆ, ಹೊಸ ಗಿಟಾರಿಗೆ ಹಳೆಯ ರೂಪ ಕೊಡುವುದರಲ್ಲಿ ಪಳಗಿದ ಟಾಮ್ ಮರ್ಫಿ ಹೆಸರಿನ ಮರ್ಫಿ ಲ್ಯಾಬ್ ಬಂತು, ಲ್ಯಾಕರನ್ನೇ ಬದಲಿಸಿದರು. ಪ್ರತಿ ಸಲವೂ ಹೊಸದು ಹಿಂದಿನದಕ್ಕಿಂತ ಮೂಲಕ್ಕೆ ಹತ್ತಿರ. ಹಾಗಾದರೆ ಹಿಂದಿನದು? ಅದು ಅಷ್ಟು ಹತ್ತಿರ ಅಲ್ಲ ಅಂತ ಮಾಡಿದವರೇ ಹೇಳಿದಂತಾಯಿತು, ಅಲ್ವಾ? ಐದು ವರ್ಷದ ಹಿಂದೆ ಇದಕ್ಕಿಂತ ಇಲ್ಲ ಅನ್ನಿಸಿಕೊಂಡ ಗಿಟಾರ್ ಇವತ್ತು ಹಿಂದಿನ ಸಾಲಿನಲ್ಲಿ ನಿಂತಿರುತ್ತದೆ. ಮೂಲ 1959ರ ಗಿಟಾರಿಗೆ ಈ ಭಯವೇ ಇಲ್ಲ. ಅದಕ್ಕಿಂತ ನಿಜವಾದ 1959ರ ಗಿಟಾರನ್ನು ಯಾರೂ ಮಾಡಲಾರರು.

ಇವತ್ತಿನ ರೀಇಶ್ಯೂ ಕೂಡ 60 ವರ್ಷ ಕಳೆದ ಮೇಲೆ ಹಳೆಯದೇ ಆಗುತ್ತದಲ್ಲ ಅಂತ ಕೇಳುವವರಿದ್ದಾರೆ. 1968ರ ಲೆಸ್ ಪಾಲ್ ಈಗ ಸಂಗ್ರಹಕಾರರ ವಸ್ತು ಆಗಿದೆಯಲ್ಲ ಅನ್ನುತ್ತಾರೆ. ಆಗಿದೆ, ನಿಜ. ಆದರೆ 1968ರಲ್ಲಿ ಕೊಂಡವರು ಅದನ್ನು ಹೊತ್ತು ಊರೂರು ತಿರುಗಿದರು. ಈಗ ದುಬಾರಿ ರೀಇಶ್ಯೂ ಕೊಂಡವರು ಏನು ಮಾಡುತ್ತಾರೆ? ಪಿಕ್‌ಗಾರ್ಡಿನ (ಗಿಟಾರಿನ ಮುಂಭಾಗದ ರಕ್ಷಣಾ ಫಲಕ) ಮೇಲಿನ ಪ್ಲಾಸ್ಟಿಕ್ ಹಾಳೆ ಕೀಳುವುದಿಲ್ಲ. ಬಿಲ್ಲು, ಟ್ಯಾಗು, ಕೀಲಿಕೈ, ಸರ್ಟಿಫಿಕೇಟು ಎಲ್ಲ ಜೋಡಿಸಿ ಇಡುತ್ತಾರೆ. ಎಲ್ಲರೂ ಹೀಗೆ ಇಟ್ಟರೆ 60 ವರ್ಷದ ಮೇಲೆ ಎಲ್ಲವೂ ಹಾಗೇ ಇರುತ್ತವೆ. ಸಾವಿರಾರು ಗಿಟಾರ್, ಎಲ್ಲವೂ ಹೊಚ್ಚಹೊಸದರಂತೆ, ಎಲ್ಲದರ ಜೊತೆಗೂ ಸರ್ಟಿಫಿಕೇಟು. ಆಗ ನಿಮ್ಮದನ್ನೇ ಆರಿಸಿಕೊಂಡು ಜಾಸ್ತಿ ದುಡ್ಡು ಯಾಕೆ ಕೊಡಬೇಕು?

ಒಂದು ಹಳೆ ಸ್ಟ್ರಾಟೋಕ್ಯಾಸ್ಟರನ್ನು ಬಿಚ್ಚಿದರೆ ಏನು ಸಿಗುತ್ತದೆ ಅಂತ ಹೇಳುತ್ತೇನೆ. ಪಿಕ್‌ಗಾರ್ಡಿನ ಸ್ಕ್ರೂಗಳನ್ನು ತೆಗೆದು ತಿರುಗಿಸಿ ಇಟ್ಟರೆ ಮೂರು ಪೊಟೆನ್ಷಿಯೋಮೀಟರ್ ಕಾಣುತ್ತವೆ. ಒಂದು ವಾಲ್ಯೂಮಿಗೆ, ಎರಡು ಟೋನಿಗೆ. ಅದರ ಲೋಹದ ಮೈಮೇಲೆ ಸಣ್ಣಗೆ ನಂಬರ್ ಒತ್ತಿರುತ್ತಾರೆ. 3046220 ಅಂತಿದ್ದರೆ, 304 ಅಂದರೆ ಸ್ಟ್ಯಾಕ್‌ಪೋಲ್ ಕಂಪನಿ, 62 ಅಂದರೆ ವರ್ಷ, 20 ಅಂದರೆ ಆ ವರ್ಷದ 20ನೇ ವಾರ. ಮೊದಲಿಗೆ 137 ಇದ್ದರೆ ಸಿಟಿಎಸ್ ಕಂಪನಿ. ಗಿಟಾರ್ ಆ ವಾರಕ್ಕಿಂತ ಮುಂಚಿನದಂತೂ ಆಗಿರಲು ಸಾಧ್ಯವಿಲ್ಲ. ಅದಕ್ಕಿಂತ ಎಷ್ಟು ಈಚಿನದು ಅನ್ನುವುದನ್ನು ಮಾತ್ರ ಇದು ಹೇಳುವುದಿಲ್ಲ. ಫೆಂಡರ್ 1966ರಲ್ಲಿ ಇವನ್ನು ರಾಶಿಗಟ್ಟಲೆ ಕೊಂಡಿಟ್ಟುಕೊಂಡಿತ್ತು, ಹಾಗಾಗಿ ಆ ದಶಕದ ಕೊನೆಯ ಗಿಟಾರ್‌ಗಳಲ್ಲೂ 66ರ ನಂಬರೇ ಸಿಗುತ್ತದೆ. ಆಮೇಲೆ ನೆಕ್ಕಿನ ನಾಲ್ಕು ಸ್ಕ್ರೂ ಬಿಚ್ಚಬೇಕು. ನೆಕ್ಕಿನ ಬುಡದಲ್ಲಿ, ದೇಹದೊಳಗೆ ಕೂರುವ ಜಾಗದಲ್ಲಿ, ಪೆನ್ಸಿಲಿನಲ್ಲಿ ತಿಂಗಳು, ವರ್ಷ ಬರೆದಿರುತ್ತದೆ. 1962ರಿಂದ ಈಚೆಗೆ ಪೆನ್ಸಿಲ್ ಹೋಗಿ ರಬ್ಬರ್ ಮುದ್ರೆ ಬಂತು. 50ರ ದಶಕದ ಕೆಲವು ನೆಕ್‌ಗಳಲ್ಲಿ ಟಿಜಿ ಅನ್ನುವ ಎರಡು ಅಕ್ಷರ ಇರುತ್ತದೆ. ಅವುಗಳನ್ನು ಕೆತ್ತಿದ ಟಾಡಿಯೋ ಗೋಮೆಜ್‌ನ ಗುರುತು ಅದು. ಇವಿಷ್ಟೂ ಒಂದಕ್ಕೊಂದು ತಾಳೆ ಆಗಬೇಕು. ಬೆಸುಗೆಯನ್ನು ಒಮ್ಮೆಯೂ ಬಿಚ್ಚಿರಬಾರದು. ಬಿಚ್ಚಿ ಮತ್ತೆ ಹಾಕಿದ ಸೀಸದ ಹೊಳಪು ಬೇರೆ, ಅಂದಿನಿಂದ ಹಾಗೇ ಇರುವುದರ ಮಂಕು ಬೇರೆ. ಕೊನೆಗೆ ದೀಪ ಆರಿಸಿ ನೇರಳಾತೀತ ಬೆಳಕು ಹಾಯಿಸುತ್ತೇನೆ. ಹಳೆ ನೈಟ್ರೋ ಲ್ಯಾಕರ್ ಹಸಿರು ಬೆರೆತ ಹಳದಿಯಾಗಿ ಮಿನುಗುತ್ತದೆ. ಯಾರಾದರೂ ಮಧ್ಯೆ ಎಲ್ಲೋ ಬಣ್ಣ ತೇಪೆ ಹಾಕಿದ್ದರೆ ಅಷ್ಟು ಜಾಗ ಕಪ್ಪಾಗಿ ಎದ್ದು ಕಾಣುತ್ತದೆ.

ಬರ್ಸ್ಟ್ ಆದರೆ ಇನ್ನೊಂದು ನೋಡಬಹುದು. 1958, 1959ರಲ್ಲಿ ಬಳಸಿದ ಕೆಂಪು ಬಣ್ಣ ಬೆಳಕಿಗೆ ಮಾಸುವಂಥದ್ದು. ಹೊರಗೆಲ್ಲ ಜೇನಿನ ಬಣ್ಣ ತಿರುಗಿರುತ್ತದೆ. ಪಿಕಪ್ಪಿನ ಸುತ್ತಿನ ಪ್ಲಾಸ್ಟಿಕ್ ಚೌಕಟ್ಟು ಎತ್ತಿದರೆ ಅದರಡಿ ಮುಚ್ಚಿಕೊಂಡಿದ್ದ ಕೆಂಪು ಹಾಗೇ ಇರುತ್ತದೆ. ಪಿಕಪ್ಪೂ ಹಾಗೇ. ಗಿಬ್ಸನ್‌ನ ಸೆತ್ ಲವರ್ ರೂಪಿಸಿದ, ಹಂಬಕರ್ ಎಂಬ ಆ ಪಿಕಪ್ಪಿಗೆ 1955ರಲ್ಲಿ ಪೇಟೆಂಟ್ ಕೇಳಿದ್ದರು, 1959ರಲ್ಲಿ ಸಿಕ್ಕಿತು. ಸಿಕ್ಕ ಮೇಲೂ 'ಪೇಟೆಂಟಿಗೆ ಅರ್ಜಿ ಹಾಕಿದೆ' ಅನ್ನುವ ಚೀಟಿಯನ್ನೇ ಇನ್ನೂ ಎರಡು ಮೂರು ವರ್ಷ ಅಂಟಿಸುತ್ತಿದ್ದರು. ತಂತಿ ಸುತ್ತು ಒಂದರಲ್ಲಿ ಇದ್ದಷ್ಟು ಇನ್ನೊಂದರಲ್ಲಿ ಇರುವುದಿಲ್ಲ, ಮ್ಯಾಗ್ನೆಟ್ಟೂ ಬೇರೆ ಬೇರೆ. ಹಾಗಾಗಿ ಎರಡು ಬರ್ಸ್ಟ್ ಒಂದೇ ಥರ ನುಡಿಯುವುದಿಲ್ಲ.

ರೀಇಶ್ಯೂ ಮಾಡುವವರ ಕೈಚಳಕದ ಬಗ್ಗೆ ನನಗೆ ಅಪಾರ ಗೌರವ ಇದೆ. 1956ರಲ್ಲಿ ಫೆಂಡರ್ ಸೇರಿದ ಅಬಿಗೇಲ್ ಯಬಾರಾ ಹಳೆ ಗಿಟಾರ್‌ಗಳ ಪಿಕಪ್ ಸುತ್ತಿದವಳು. ಅದೇ ಹೆಂಗಸು ಕಸ್ಟಮ್ ಶಾಪಿನಲ್ಲಿ ರೀಇಶ್ಯೂಗಳಿಗೂ ಪಿಕಪ್ ಸುತ್ತಿದಳು, 2013ರಲ್ಲಿ ನಿವೃತ್ತಳಾಗುವವರೆಗೆ. ಇಂಥ ಕೆಲಸ ಇರುವ ಗಿಟಾರನ್ನು ಯಾರು ಕೀಳು ಅನ್ನುತ್ತಾರೆ? ಹೊಸ ರೀಇಶ್ಯೂಗಳ ಫ್ರೆಟ್ ಕೆಲಸ ಎಷ್ಟೋ ಸಲ ಮೂಲಕ್ಕಿಂತ ಅಚ್ಚುಕಟ್ಟು. ಶ್ರುತಿ ನಿಲ್ಲುತ್ತದೆ. ವೇದಿಕೆಗೆ ತೆಗೆದುಕೊಂಡು ಹೋಗಲು ಭಯವಿಲ್ಲ. ಹಾಗೇ ಭೂತಗನ್ನಡಿಯಲ್ಲಿ ನೋಡಿದರೆ ಇನ್ನೊಂದು ಕಾಣುತ್ತದೆ. ಮರ ಹಿಗ್ಗಿ ಕುಗ್ಗಿ ಲ್ಯಾಕರ್ ತಾನಾಗಿ ಬಿರಿದಾಗ ಗೆರೆಗಳು ಅಡ್ಡಾದಿಡ್ಡಿ ಹರಿಯುತ್ತವೆ. ಬ್ಲೇಡಿನಿಂದ ಗೀರಿದ್ದಾದರೆ ಸಾಲಾಗಿ, ನೆಟ್ಟಗೆ ಇರುತ್ತವೆ. ಸವೆತವೂ ಅಷ್ಟೇ. ಒಬ್ಬ ವಾದಕನ ಮೊಣಕೈ ವರ್ಷಗಟ್ಟಲೆ ತಾಗಿದ ಕಡೆ ಬಣ್ಣ ನಿಧಾನಕ್ಕೆ ತೆಳುವಾಗುತ್ತಾ ಹೋಗುತ್ತದೆ. ಸ್ಯಾಂಡ್‌ಪೇಪರಿನ ಸವೆತಕ್ಕೆ ಅಂಚು ಇರುತ್ತದೆ. ನೋಡಲು ಚೆಂದ ಅನ್ನಿಸಿದರೆ ಕೊಳ್ಳಲಿ, ತಪ್ಪಿಲ್ಲ. ಆದರೆ ಅದನ್ನು ಚರಿತ್ರೆ ಅಂತ ಮಾರಬಾರದು.

ನಾನು ಇಷ್ಟು ಸಿಟ್ಟಿನಿಂದ ಬರೆಯಲು ಕಾರಣವೊಂದಿದೆ. ನನ್ನ ಹತ್ತಿರ ಗಿಟಾರ್ ತರುವ ಯುವಕನೊಬ್ಬ ಬ್ಯಾಂಡಿನಲ್ಲಿ ನುಡಿಸಿ ಬದುಕುವವನು. ಮಾರಾಟಗಾರರೊಬ್ಬರು ಅವನಿಗೆ ಸವೆಸಿ ಕೊಟ್ಟ ಲಿಮಿಟೆಡ್ ರೀಇಶ್ಯೂ ಒಂದನ್ನು ಕಂತಿನ ಮೇಲೆ ಕೊಡಿಸಿದರು. ಇದು ಖರ್ಚಲ್ಲ, ಉಳಿತಾಯ ಅಂದರು. ಫ್ರೆಟ್ ಸವೆದರೆ ಬೆಲೆ ಹೋಗುತ್ತದೆ, ಜಾಸ್ತಿ ನುಡಿಸಬೇಡ ಅಂತಲೂ ಹೇಳಿದರು. ಅವನು ಅದನ್ನು ನಂಬಿ, ಕಾರ್ಯಕ್ರಮಗಳಿಗೆ ತನ್ನ ಹಳೆ ಅಗ್ಗದ ಗಿಟಾರನ್ನೇ ಒಯ್ಯುತ್ತಿದ್ದ. ದುಬಾರಿಯದು ಮನೆಯಲ್ಲಿ ಕೇಸಿನೊಳಗೆ. ಮನೆಯಲ್ಲಿ ಒಬ್ಬರಿಗೆ ಆರೋಗ್ಯ ಕೆಟ್ಟು ದುಡ್ಡು ಬೇಕಾದಾಗ ಅದೇ ಮಾರಾಟಗಾರರ ಬಳಿ ಹೋದ. ಕೊಟ್ಟಿದ್ದರಲ್ಲಿ ಅರ್ಧಕ್ಕಿಂತ ಸ್ವಲ್ಪ ಮೇಲೆ ಕೊಡುತ್ತೇವೆ ಅಂದರು. ಈ ವರ್ಷದ ಹೊಸ ಮಾದರಿ ಬಂದಿದೆ, ಇದನ್ನು ಕೇಳುವವರು ಕಡಿಮೆ ಅಂದರು. ಕೊಟ್ಟುಬಂದ. ಗಿಟಾರ್ ಹೋದ ಮೇಲೂ ಕಂತು ಕಟ್ಟುತ್ತಿದ್ದ. ಆ ಗಿಟಾರಿನ ಫ್ರೆಟ್ ನಾನು ನೋಡಿದ್ದೇನೆ, ಒಂದು ಗೀರೂ ಇರಲಿಲ್ಲ. ಅಷ್ಟು ಒಳ್ಳೆ ವಾದ್ಯ ಕೈಯಲ್ಲಿದ್ದೂ ಅದರಲ್ಲಿ ಮನಸಾರೆ ನುಡಿಸಲಿಲ್ಲವಲ್ಲ ಅನ್ನುವುದೇ ನನಗೆ ದುಡ್ಡು ಹೋದದ್ದಕ್ಕಿಂತ ದೊಡ್ಡ ಸಂಕಟ.

ಹಾಗಾದರೆ ಎಲ್ಲರೂ ಹಳೆಯದನ್ನೇ ಕೊಳ್ಳಿ ಅನ್ನುತ್ತೀರಾ ಅಂದರೆ, ಇಲ್ಲ. ಅಲ್ಲೂ ಕೈ ಸುಟ್ಟುಕೊಂಡವರು ಬಹಳ. ಮೂಲ ಬಣ್ಣ ಹೋಗಿ ಮತ್ತೆ ಬಣ್ಣ ಹೊಡೆದಿದ್ದರೆ ಬೆಲೆ ಸಾಮಾನ್ಯವಾಗಿ ಅರ್ಧಕ್ಕೆ ಇಳಿಯುತ್ತದೆ. ಹೆಡ್‌ಸ್ಟಾಕ್ ಮುರಿದು ಅಂಟಿಸಿದ್ದರೂ ಹೆಚ್ಚುಕಡಿಮೆ ಅಷ್ಟೇ. ಗಿಬ್ಸನ್‌ಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ವಾಲಿರುವುದರಿಂದ ಒಂದು ಸಲ ಬಿದ್ದರೆ ಸಾಕು, ಅಲ್ಲೇ ಮುರಿಯುವುದು. ನಾನು ಚೆನ್ನಾಗಿ ಅಂಟಿಸಿದರೆ ನಾದದಲ್ಲಿ ವ್ಯತ್ಯಾಸ ಬರುವುದಿಲ್ಲ, ಬೆಲೆಯಲ್ಲಿ ಬಂದೇ ಬರುತ್ತದೆ. 1950ರ ದಶಕದ ಬಂಗಾರದ ಬಣ್ಣದ ಲೆಸ್ ಪಾಲ್‌ಗಳನ್ನು ಬರ್ಸ್ಟ್ ಆಗಿ ಬದಲಿಸಿದ್ದೂ ಮಾರುಕಟ್ಟೆಯಲ್ಲಿವೆ. ಬದಲಿಸಿದ್ದು ಅಂತ ಹೇಳಿ ಮಾರಿದರೆ ಸರಿ. ಹೇಳದೆ ಮಾರಿದರೆ ಶುದ್ಧ ಮೋಸ. ಇನ್ನು ನನಗೆ ಹೊಟ್ಟೆ ಉರಿಯುವ ವಿಷಯ, ಇಡೀ ಗಿಟಾರನ್ನು ಬಿಚ್ಚಿ ಬಿಡಿಬಿಡಿಯಾಗಿ ಮಾರುವುದು. ಆ ಕಾಲದ ಒಂದು ಹಂಬಕರ್ ಪಿಕಪ್ಪಿಗೇ ಸಾವಿರಾರು ಡಾಲರ್ ಬರುವಾಗ, ಅದೇ ಪಿಕಪ್ ಇದ್ದ ಬೇರೆ ಗಿಬ್ಸನ್ ಮಾದರಿಗಳನ್ನು ಬರಿದು ಮಾಡುತ್ತಾರೆ. 60 ವರ್ಷ ಒಟ್ಟಿಗೆ ಇದ್ದದ್ದು ಒಂದು ಮಧ್ಯಾಹ್ನದಲ್ಲಿ ಚೂರಾಗುತ್ತದೆ.

ಬೆಲೆ ಏರುತ್ತಲೇ ಇರುತ್ತದೆ ಅನ್ನುವುದೂ ಸುಳ್ಳು. 2007ರವರೆಗೆ ಗಗನಕ್ಕೇರಿದ ಬೆಲೆಗಳು 2008ರ ಆರ್ಥಿಕ ಕುಸಿತದಲ್ಲಿ ದೊಡ್ಡದಾಗಿ ಇಳಿದವು. ತುದಿಯಲ್ಲಿ ಕೊಂಡವರು ವರ್ಷಗಟ್ಟಲೆ ಕಾದರು. ಬೆಲೆಯ ಹಿಂದೆ ಒಂದು ತಲೆಮಾರಿನ ಆಸೆ ಇರುತ್ತದೆ. 60ರ ದಶಕದಲ್ಲಿ ಹುಡುಗರಾಗಿ ರೇಡಿಯೋ ಕೇಳಿದವರು ದುಡ್ಡು ಮಾಡಿದ ಮೇಲೆ ಬರ್ಸ್ಟ್ ಕೊಂಡರು. ಮುಂದಿನ ತಲೆಮಾರಿಗೆ ಬೇರೆ ಗಿಟಾರ್ ಇಷ್ಟ. ಫೆಂಡರ್ ಜಾಗ್ವಾರ್, ಜಾಝ್‌ಮಾಸ್ಟರ್‌ಗಳನ್ನು ಒಂದು ಕಾಲದಲ್ಲಿ ಕೇಳುವವರೇ ಇರಲಿಲ್ಲ. ಅಗ್ಗ ಅಂತ ಅವನ್ನು ಕೊಂಡ ಹುಡುಗರು 80, 90ರ ದಶಕದಲ್ಲಿ ಅದರಲ್ಲೇ ಹೊಸ ಸಂಗೀತ ಕಟ್ಟಿದರು, ಬೆಲೆ ಏರಿತು. ಭಾರ ಜಾಸ್ತಿ, ಕೆಲಸ ಒರಟು ಅಂತ ಬೈಸಿಕೊಂಡ 70ರ ದಶಕದ ಫೆಂಡರ್‌ಗಳಿಗೂ ಈಗ ಗಿರಾಕಿಗಳಿದ್ದಾರೆ. ನಾಳೆಯವರಿಗೆ ಯಾವುದು ಬೇಕೆನಿಸುತ್ತದೆ ಅಂತ ಇವತ್ತು ಗ್ಯಾರಂಟಿ ಕೊಡುವವರನ್ನು ನಂಬಬೇಡಿ.

ಹರಾಜಿನ ದೊಡ್ಡ ಸುದ್ದಿಗಳನ್ನೂ ಇದರ ಜೊತೆ ಬೆರೆಸಬಾರದು. 2019ರಲ್ಲಿ ಪಿಂಕ್ ಫ್ಲಾಯ್ಡ್ ತಂಡದ ಡೇವಿಡ್ ಗಿಲ್ಮೋರ್‌ನ ಕಪ್ಪು ಸ್ಟ್ರಾಟ್ 39.75 ಲಕ್ಷ ಡಾಲರಿಗೆ ಹೋಯಿತು. 2022ರಲ್ಲಿ ನಿರ್ವಾಣ ತಂಡದ ಕರ್ಟ್ ಕೋಬೈನ್‌ನ ಫೆಂಡರ್ ಮಸ್ಟಾಂಗ್‌ಗೆ 45 ಲಕ್ಷದಷ್ಟು ಬಂತು. ಮಸ್ಟಾಂಗ್ ಶುರುವಾಗಿದ್ದೇ ಕಲಿಯುವ ಮಕ್ಕಳ ಗಿಟಾರ್ ಆಗಿ. ಅಲ್ಲಿ ದುಡ್ಡು ಕೊಟ್ಟಿದ್ದು ಮನುಷ್ಯನಿಗೆ, ಮರಕ್ಕಲ್ಲ. ಕ್ಲಾಪ್ಟನ್‌ನ 'ಬ್ಲ್ಯಾಕಿ' ಅನ್ನುವ ಸ್ಟ್ರಾಟ್ 2004ರಲ್ಲಿ 9,59,500 ಡಾಲರಿಗೆ ಹೋದ ಮೇಲೆ ಫೆಂಡರ್ ಅದರ 275 ಪ್ರತಿಗಳನ್ನು ಮಾಡಿತು. ನಿಮ್ಮ ಲೇಖನದಲ್ಲಿ ಇಂಥ ಹರಾಜಿನ ಅಂಕಿ ಹಾಕಿ, ಅದರ ಪಕ್ಕದಲ್ಲೇ ರೀಇಶ್ಯೂ ಚಿತ್ರ ಹಾಕಿದ್ದೀರಿ. ಓದುವವರು ಏನೆಂದುಕೊಳ್ಳಬೇಕು?

ರೀಇಶ್ಯೂಗಳಲ್ಲಿ ಬೆಲೆ ಉಳಿಸಿಕೊಂಡವು ಇಲ್ಲವೇ ಇಲ್ಲ ಅಂತ ನಾನು ಹೇಳುವುದಿಲ್ಲ. 1982ರಲ್ಲಿ ಜಪಾನಿನ ಫುಜಿಜೆನ್ ಕಾರ್ಖಾನೆ ಫೆಂಡರ್‌ಗಾಗಿ ಮಾಡಲು ಶುರುಮಾಡಿದ ಜೆವಿ ಅಂತ ಶುರುವಾಗುವ ಸೀರಿಯಲ್ ನಂಬರಿನ ಗಿಟಾರ್‌ಗಳನ್ನು ಈಗ ಹುಡುಕಿ ಕೊಳ್ಳುತ್ತಾರೆ. ಅವು ಆಗ ಅಗ್ಗ, ಎಲ್ಲರೂ ನುಡಿಸಿದವು. ಗಿಬ್ಸನ್ 2003ರ ಸುಮಾರಿಗೆ ಕೆಲವು 1959ರ ರೀಇಶ್ಯೂಗಳಿಗೆ ಬ್ರೆಜಿಲ್‌ನ ಬೀಟೆ ಮರ ಹಾಕಿತು, ಅವಕ್ಕೂ ಬೇಡಿಕೆ ಇದೆ. ಆ ಮರ 1992ರಿಂದ, ಅಳಿವಿನಂಚಿನ ಪ್ರಾಣಿ, ಸಸ್ಯಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಅಂತರರಾಷ್ಟ್ರೀಯ ಒಪ್ಪಂದದ ಅತಿ ಬಿಗಿಯಾದ ಪಟ್ಟಿಯಲ್ಲಿದೆ, ಹಾಗಾಗಿ ಬೇಕೆಂದಷ್ಟು ಸಿಗುವುದಿಲ್ಲ. ಇಲ್ಲೂ ಬೆಲೆ ಬಂದದ್ದು ನಿಜವಾಗಿಯೂ ಮತ್ತೆ ಮಾಡಲಾಗದ ವಸ್ತುವಿಗೇ. ಅಂದಹಾಗೆ, ಇದೇ ಮರ ಇರುವ ಹಳೆ ಗಿಟಾರನ್ನು ಒಂದು ದೇಶದಿಂದ ಇನ್ನೊಂದಕ್ಕೆ ಮಾರಬೇಕಾದರೆ ಪರವಾನಗಿ ಬೇಕು. 2019ರಲ್ಲಿ ಬೇರೆ ಬೀಟೆಯಲ್ಲಿ ಮಾಡಿದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಬ್ರೆಜಿಲ್‌ನದಕ್ಕೆ ಸಿಗಲಿಲ್ಲ. ಈ ತಾಪತ್ರಯವನ್ನೂ ಹೂಡಿಕೆಯ ಲೆಕ್ಕದಲ್ಲಿ ಸೇರಿಸಬೇಕು. ವಿಮೆ, ಹರಾಜು ಮನೆಯ ಕಮಿಷನ್, ತೇವ ಹೆಚ್ಚುಕಡಿಮೆ ಆಗದಂತೆ ಇಡುವ ಖರ್ಚು ಎಲ್ಲವನ್ನೂ ಕಳೆದು ನೋಡಬೇಕು.

ಸಂಪಾದಕರೇ, ನನ್ನ ಕೋರಿಕೆ ಇಷ್ಟೇ. ಆ ಲೇಖನಕ್ಕೆ ಒಂದು ತಿದ್ದುಪಡಿ ಹಾಕಿ. ಹಳೆ ಮೂಲ ಗಿಟಾರ್, ಹೆಸರಾಂತ ವಾದಕರ ಗಿಟಾರ್, ಹೊಸ ರೀಇಶ್ಯೂ ಇವು ಮೂರೂ ಬೇರೆ ಬೇರೆ ಅಂತ ಸ್ಪಷ್ಟವಾಗಿ ಬರೆಯಿರಿ. ರೀಇಶ್ಯೂ ಬೆಲೆ ಹಾಕುವಾಗ ಅಂಗಡಿಯ ಹೊಸ ಬೆಲೆಯ ಪಕ್ಕದಲ್ಲೇ, ಅದೇ ಮಾದರಿಯ ಐದು ವರ್ಷ ಹಳೆಯ ಸೆಕೆಂಡ್ ಹ್ಯಾಂಡ್ ಗಿಟಾರ್ ಎಷ್ಟಕ್ಕೆ ಮಾರಾಟವಾಯಿತು ಅನ್ನುವುದನ್ನೂ ಹಾಕಿ. ಕೇಳಿದ ಬೆಲೆ ಬೇಡ, ಕೈಗೆ ಬಂದ ಬೆಲೆ ಹಾಕಿ. ಆ ಎರಡು ಅಂಕಿ ಒಟ್ಟಿಗೆ ಕಂಡರೆ ಓದುಗರಿಗೆ ಬೇರೆ ಸಲಹೆ ಬೇಕಾಗುವುದಿಲ್ಲ.

ಕೊಳ್ಳಲು ಹೊರಟವರಿಗೂ ಒಂದು ಮಾತು. ರೀಇಶ್ಯೂ ಇಷ್ಟವಾದರೆ ಒಂದೆರಡು ವರ್ಷ ಹಳೆಯದನ್ನು ಸೆಕೆಂಡ್ ಹ್ಯಾಂಡಿನಲ್ಲಿ ತೆಗೆದುಕೊಳ್ಳಿ, ಮೊದಲ ಇಳಿತದ ನಷ್ಟವನ್ನು ಆಗಲೇ ಬೇರೆಯವರು ಹೊತ್ತಿರುತ್ತಾರೆ. ತೆಗೆದುಕೊಂಡ ಮೇಲೆ ದಿನಾ ನುಡಿಸಿ. ಫ್ರೆಟ್ ಸವೆದರೆ ನಮ್ಮಂಥವರು ಬದಲಿಸಿ ಕೊಡುತ್ತೇವೆ. ಹೊಸದನ್ನು ಹೂಡಿಕೆ ಅಂತ ಯಾರಾದರೂ ಕೈಗಿಟ್ಟರೆ, ಐದು ವರ್ಷದ ಮೇಲೆ ಇದೇ ಬೆಲೆಗೆ ನೀವೇ ವಾಪಸ್ ತಗೊಳ್ಳುತ್ತೀರಾ, ಬರೆದುಕೊಡಿ ಅಂತ ಕೇಳಿ. ಬರೆದುಕೊಟ್ಟರೆ ಧೈರ್ಯವಾಗಿ ಕೊಳ್ಳಿ.

ಇತಿ ನಿಮ್ಮ ಓದುಗರಲ್ಲಿ ಒಬ್ಬಳು,
ಒಬ್ಬ ಗಿಟಾರ್ ರಿಪೇರಿ ಕೆಲಸಗಾರ್ತಿ